ಡೀಸೆಲ್ ಗೂಡಿನ ಬೀಗ

"ಮೂರನೇ ಕ್ಲಾಸಿಗೆ ಶಾಲೆ ಬಿಟ್ಟವನ ಕೈಗೆ ಇಂಜಿನ್ ಕೊಟ್ಟದ್ದೇ ನನ್ನ ತಪ್ಪು. ಕಳ್ಳ. ಬೀಗದಕೈ ಎಲ್ಲಿಟ್ಟಿದ್ದಿ, ಹೇಳು."

ಐವತ್ತನಾಲ್ಕನೇ ಇಸವಿಯ ವಿಜಯದಶಮಿಯ ಬೆಳಿಗ್ಗೆ. ಭಾವುಚಾ ಧಕ್ಕೆಯಿಂದ ಕೊಲ್ಲಿಯಾಚೆಯ ರೇವಸ್‌ಗೆ ಹೊರಡಬೇಕಿದ್ದ ಲಾಂಚಿನ ತುಂಬ ಜನ. ಯಜಮಾನ ಶೇಖರ ಧಣಿ ಅಷ್ಟೂ ಜನರ ಕಿವಿಗೆ ಬೀಳುವಂತೆ ಹೇಳಿದ್ದ. ಇಂಜಿನ್ ನೋಡಿಕೊಳ್ಳುವ ದೂಜನಿಗೆ ಮೈಯೆಲ್ಲ ಉರಿಯಿತು.

ಡೀಸೆಲ್ ಬಿಡುವ, ನಿಲ್ಲಿಸುವ ತಿರುಪು ಇಂಜಿನ್ ಪಕ್ಕದ ಗೂಡಿನೊಳಗಿತ್ತು. ಕದಿಯುತ್ತಾರೆಂಬ ಗುಮಾನಿಯಿಂದ ಧಣಿ ಅದಕ್ಕೆ ಬಾಗಿಲು ಕೂಡಿಸಿ ಬೀಗ ಜಡಿದಿದ್ದ. ಇದ್ದ ಒಂದೇ ಬೀಗದಕೈ ಅವನ ಉಡಿದಾರದಲ್ಲಿ. ಇಂಜಿನ್ ಶುರು ಮಾಡಲಿಕ್ಕೂ ನಿಲ್ಲಿಸಲಿಕ್ಕೂ ದೂಜ ಎರಡು ವರ್ಷದಿಂದ ಆ ಸೊಂಟದ ಮುಂದೆ ಕೈಕಟ್ಟಿ ನಿಲ್ಲುತ್ತಿದ್ದ.

"ನಾನು ಮುಟ್ಟಲಿಲ್ಲ. ನಿನ್ನೆ ಆಯುಧಪೂಜೆಗೆ ಎಲ್ಲಿಟ್ಟಿರಿ, ಅದನ್ನು ಹೇಳಿ."

"ಇಂಜಿನ್ನಿಗೆ ಹಾಕಿದ ಹೂಮಾಲೆಗೆ ಕಟ್ಟಿದ್ದೆ. ಬೀಗದಕೈಗೂ ಪೂಜೆ ಬೇಡವಾ?"

"ಮಾಲೆ ಎಲ್ಲುಂಟು?"

ಧಣಿ ಇಂಜಿನ್ನಿನ ಮೇಲೆ, ಕೆಳಗೆ ಹುಡುಕಿದ. ಚುಕ್ಕಾಣಿಯ ಬಳಿ ಕೂತಿದ್ದ ಮುದುಕ ಕೊರಗಪ್ಪ ಕೆಮ್ಮಿದ.

"ಪೂಜೆಯ ಹೂವನ್ನು ಯಾರೂ ತುಳೀಬಾರ್ದು ಅಂತ ಬೆಳಿಗ್ಗೆ ನೀವೇ ನೀರಿಗೆ ಬಿಟ್ಟಿರಲ್ಲ ಧಣಿ. ಕಣ್ಣು ಮುಚ್ಚಿ, ಕೈ ಮುಗಿದು."

"ಹಾಗಾದ್ರೆ ಸಮುದ್ರವನ್ನೇ ಪೊಲೀಸಿಗೆ ಕೊಡಿ," ಎಂದ ಪ್ರಯಾಣಿಕರ ನಡುವಿದ್ದ ಸಯನ್‌ನ ಹೋಟೆಲಿನವನೊಬ್ಬ. ಜನ ನಕ್ಕರು. ದೂಜ ನಗಲಿಲ್ಲ.

"ಕಳ್ಳ ಅಂದದ್ದನ್ನು ವಾಪಸು ತಗೊಳ್ಳಿ. ಇವರ ಮುಂದೆಯೇ."

"ಮೊದಲು ಬಾಗಿಲು ತೆಗಿ ಮಾರಾಯ, ಜನ ಕಾಯ್ತಾ ಇದ್ದಾರೆ."

ದೂಜ ಬೀಗದ ಕಡೆ ನೋಡಲೇ ಇಲ್ಲ. ಜೇಬಿನಿಂದ ಸ್ಕ್ರೂಡ್ರೈವರ್ ತೆಗೆದು ಬಾಗಿಲ ಆಚೆ ಬದಿಯ ಬಿಜಾಗ್ರಿಗೆ ಹಚ್ಚಿದ. ಎರಡು ವರ್ಷ ಕಣ್ಣೆದುರೇ ಇದ್ದ ಆರು ಸ್ಕ್ರೂ. ಒಂದು ದಿನವೂ ಮುಟ್ಟಿದವನಲ್ಲ. ಬಾಗಿಲು ಕಳಚಿತು. ತಿರುಪು ತಿರುಗಿಸಿ ಹ್ಯಾಂಡಲ್ ಹೊಡೆದ. ಇಂಜಿನ್ ಗುಡುಗುಡು ಎಂದಿತು.

ಧಣಿ ಜನರ ಕಡೆ ತಿರುಗಿದ. "ಕಂಡಿರಲ್ಲ? ಬೀಗದಕೈ ಇಲ್ಲದೆ ತೆಗೀಲಿಕ್ಕೆ ಬರ್ತದೆ ಇವನಿಗೆ. ನನ್ನ ಡೀಸೆಲ್ ಎಲ್ಲಿಗೆ ಹೋಗ್ತದೆ ಅಂತ ಈಗ ಗೊತ್ತಾಯ್ತು."

ದೂಜ ಕಳಚಿದ ಬಾಗಿಲಿನ ಕಡೆ ಬಗ್ಗಿದ.

"ಸರಿ. ಮೊದಲು ಹೇಗಿತ್ತೋ ಹಾಗೇ ಮಾಡ್ತೇನೆ."

ಬಾಗಿಲನ್ನು ಎತ್ತಿ ಕೂಡಿಸಿದ. ಆರೂ ಸ್ಕ್ರೂಗಳನ್ನು ತನ್ನ ರಟ್ಟೆಯ ಬಲವೆಲ್ಲ ಹಾಕಿ ಬಿಗಿದ. ಬೀಗ ಮೊದಲಿನಂತೆ ಜಡಿದೇ ಇತ್ತು. ಸ್ಕ್ರೂಡ್ರೈವರ್ ಅವನ ಸ್ವಂತದ್ದು, ಜೇಬಿಗೆ ಸೇರಿತು. ಒಂದೇ ನೆಗೆತಕ್ಕೆ ಧಕ್ಕೆಗೆ ಹಾರಿದ.

ಕೊರಗಪ್ಪ ಹಗ್ಗ ಬಿಚ್ಚಿ ಆಗಿತ್ತು. ಲಾಂಚು ಒಂದು ಮಾರು ಸರಿದ ಮೇಲೆ ಧಣಿಗೆ ಹೊಳೆಯಿತು.

"ಏ ದೂಜ, ರೇವಸ್‌ನಲ್ಲಿ ಇಂಜಿನ್ ನಿಲ್ಲಿಸುವುದು ಹೇಗೆ?"

ಇಂಜಿನ್ ಬಡಿದುಕೊಳ್ಳುತ್ತಲೇ ಇತ್ತು.

"ಬಾ ಮಾರಾಯ. ನೀನು ಕಳ್ಳ ಅಲ್ಲ, ಕೋಪದಲ್ಲಿ ಬಾಯಿಗೆ ಬಂತು. ಕೇಳ್ತದಾ? ಕಳ್ಳ ಅಲ್ಲ."

ಈ ಸಲವೂ ಅಷ್ಟೂ ಜನಕ್ಕೆ ಕೇಳಿಸಿತು. ದೂಜನಿಗೂ ಕೇಳಿಸಿತು. ಒದ್ದೆ ಕಲ್ಲಿನ ಮೇಲೆ ಅವನು ನಡೆದೇ ಹೋದ.