ಸುಮ್ಮನಿದ್ದವಳ ಒಪ್ಪಿಗೆ

“ಆ ಕುರ್ಚಿ ಬೇಡಮ್ಮ, ಅದು ಮೆತ್ತೇದು. ಇದು ನಿಂದು,” ಎಂದು ಗುಮಾಸ್ತ ಬಾಗಿಲ ಪಕ್ಕದ ಕಬ್ಬಿಣದ ಕುರ್ಚಿಯನ್ನು ಕಾಲಿನಿಂದ ತಳ್ಳಿದ. “ಇದ್ದಿಲು ಮಸಿ ಮೆತ್ಕೊಂಡ್ರೆ ನಿಮ್ಮಪ್ಪ ಬಂದು ತೊಳೀತಾನಾ?”

ಇಸ್ತ್ರಿಯಕ್ಕ ಕೂತಳು. ಸರ್ಕಾರಿ ವಿದ್ಯುತ್ ಮಂಡಳಿಯ ಆಡಳಿತ ಸಭೆಯಲ್ಲಿ ಸ್ಥಳೀಯ ನಿವಾಸಿಯೊಬ್ಬರು ಇರಲೇಬೇಕೆಂದು ಹೊಸ ನಿಯಮ ಬಂದಿತ್ತು. ಅಧ್ಯಕ್ಷರು ಬಹಳ ಹುಡುಕಿ, ಓದು ಬಾರದ, ಗಂಡ ಮಂಡಳಿಯಲ್ಲೇ ದಿನಗೂಲಿಗೆ ಕಂಬ ಹತ್ತುವ, ತಮ್ಮ ಮನೆಯ ಬಟ್ಟೆಗೂ ಇಸ್ತ್ರಿ ಹಾಕುವ ಈ ಹೆಂಗಸನ್ನು ಆರಿಸಿದ್ದರು. ಮೇಜಿನ ಸುತ್ತ ಕೂತಿದ್ದ ಒಂಬತ್ತು ಅಂಗಿಗಳಲ್ಲಿ ಆರನ್ನು ಅವಳೇ ಮಡಿಚಿದ್ದಳು. ಅಂಗಿಗಳ ಪರಿಚಯ ಚೆನ್ನಾಗಿಯೇ ಇತ್ತು, ಹೆದರಿಕೆ ಒಳಗಿದ್ದವರದು.

ಹೋದ ತಿಂಗಳ ಸಭೆಯಲ್ಲಿ ಅಧ್ಯಕ್ಷರು ಅವಳನ್ನು ಒಂದೇ ಮಾತು ಕೇಳಿದ್ದರು: ಕೇರಿಯ ತಗಡಿನ ಸೂರುಗಳ ಮೇಲೆ ಎಳೆದಿರುವ ಹೊಸ ಲೈನಿಗೆ ಕರೆಂಟು ಬಿಡಬಹುದೇ? ಸೂರಿನ ಮೇಲೆ ನಿಂತು ಅವಳ ಅತ್ತೆಯ ಊರುಗೋಲು ಎತ್ತಿದರೆ ತಾಗುವಷ್ಟು ಕೆಳಗಿತ್ತು ತಂತಿ. ಇಸ್ತ್ರಿಯಕ್ಕ ತಲೆ ತಗ್ಗಿಸಿ ಸುಮ್ಮನಿದ್ದಳು. ದೊಡ್ಡವರೆದುರು ಕೇರಿಯವರು ‘ಇಲ್ಲ’ ಅನ್ನುವ ಕ್ರಮವೇ ಅದು. ಮನೆಗೆಲಸದವಳು ಹಾಗೆ ನಿಂತರೆ ನಾಳೆ ಬರುವುದಿಲ್ಲ ಎಂದರ್ಥ. ಕೂಲಿಯವನು ನಿಂತರೆ ಆ ಕೆಲಸ ಒಲ್ಲೆ ಎಂದರ್ಥ. ಕೇಳಿದವರಿಗೂ ಅದು ಗೊತ್ತಾಗುತ್ತಿತ್ತು, ಹೇಳಿದವರ ಕೆಲಸವೂ ಉಳಿಯುತ್ತಿತ್ತು. ಬೇಡ ಅಂದು ಬಂದೆ ಎಂದು ಅವಳು ಮನೆಯಲ್ಲಿ ಹೇಳಿದಾಗ ಇಡೀ ಕೇರಿ ನಿಟ್ಟುಸಿರು ಬಿಟ್ಟಿತ್ತು.

ಸಭೆಯ ಪುಸ್ತಕದಲ್ಲಿ ಬೇರೆಯೇ ಬರೆದಿದೆ ಎಂದು ನಿನ್ನೆ ಸಂಜೆ ಗಂಡ ಮೇಸ್ತ್ರಿಯಿಂದ ಕೇಳಿಕೊಂಡು ಬಂದ. ನಿವಾಸಿ ಪ್ರತಿನಿಧಿ ಒಪ್ಪಿದ್ದಾರೆ. ಮೌನಂ ಸಮ್ಮತಿ ಲಕ್ಷಣಂ. ನಾಳೆ ಸಭೆ ಮುಗಿದೊಡನೆ ಕರೆಂಟು. ಅದಕ್ಕೆ ಮುಂಚೆ ಆ ಲೈನಿನ ತಂತಿಯನ್ನು ಕೊನೆಯ ಸಲ ಬಿಗಿಯಲು ಕಂಬ ಹತ್ತಬೇಕಾದವನು ಅವನೇ.

“ಒಪ್ಕೊಂಡ್ಯಂತಲ್ಲೇ,” ಎಂದಳು ಅತ್ತೆ.

“ನಾನು ಸುಮ್ನಿದ್ದೆ ಅತ್ತೆ.”

“ಇಪ್ಪತ್ತು ವರ್ಷ ನನ್ ತಲೆ ತಿಂದ ಬಾಯಿ, ಆ ಬೋಳಿಮಕ್ಕಳ ಮುಂದೆ ಎಲ್ಲಿ ಬಿದ್ದೋಗಿತ್ತೇ?” ಆಮೇಲೆ ಮುದುಕಿ ದನಿ ತಗ್ಗಿಸಿದಳು. “ನಾಳೆ ಬಾಯ್ಬಿಟ್ಟು ಅಂದ್ಬಿಡು ತಾಯಿ.”

ಗಂಡ ತಲೆ ತಗ್ಗಿಸಿ ಸುಮ್ಮನೆ ಕೂತಿದ್ದ. ಅದರ ಅರ್ಥ ಅವಳಿಗೆ ಗೊತ್ತಿತ್ತು.

ಈಗ ಗುಮಾಸ್ತ ಹೋದ ಸಭೆಯ ನಡಾವಳಿ ಓದಿ ಮುಗಿಸಿದ. ಯಾರದೂ ಆಕ್ಷೇಪ ಇಲ್ಲವಲ್ಲ ಎಂದು ಅಧ್ಯಕ್ಷರು ಗೋಡೆಯ ಗಡಿಯಾರವನ್ನು ಕೇಳಿದರು. ಇಸ್ತ್ರಿಯಕ್ಕ ತಲೆ ಎತ್ತಿದಳು.

“ಬೇಡ,” ಎಂದಳು. ಫ್ಯಾನಿನ ಸದ್ದೇ ಅದಕ್ಕಿಂತ ಜೋರಾಗಿತ್ತು.

“ಆಕ್ಷೇಪ ಇಲ್ಲ, ಬರ್ಕೊಳ್ರಿ,” ಎಂದರು ಅಧ್ಯಕ್ಷರು.

“ಬೇಡ ಅಂದೆ ಸಾಹೇಬ್ರೇ. ಅವತ್ತೂ ಬೇಡ ಅಂತ್ಲೇ ಸುಮ್ನಿದ್ದೆ.”

ಆರು ಅಂಗಿಗಳಲ್ಲಿ ಒಂದು ನಕ್ಕಿತು. ಅಧ್ಯಕ್ಷರು ನಗಲಿಲ್ಲ. ಮೊದಲ ಸಲ ಅವಳ ಕಡೆ ತಿರುಗಿದರು. ದನಿ ಬಹಳ ಮೃದುವಾಗಿತ್ತು.

“ನಿನ್ ಗಂಡ ಕಂಬದಿಂದ ಇಳಿದ್ನಾ, ಇನ್ನೂ ಮೇಲೇ ಇದಾನಾ?”

“ಗೊತ್ತಿಲ್ಲ ಸ್ವಾಮಿ.”

“ನಂಗೂ ಗೊತ್ತಿಲ್ಲ,” ಎಂದು ಅವರು ಫೋನೆತ್ತಿ, ಲೈನಿಗೆ ಕರೆಂಟು ಬಿಡುವ ಸಬ್‌ಸ್ಟೇಷನ್ನಿನ ನಂಬರು ಒತ್ತಿದರು. ಇನ್ನೊಂದು ಕೈಯಿಂದ ಗುಮಾಸ್ತನಿಗೆ ಬರೆಯಲು ಸನ್ನೆ ಮಾಡಿದರು.

ಅವಳು ಎದ್ದಳು. ನಾಲ್ಕು ಹೆಜ್ಜೆ ನಡೆದು, ಕಾದ ಇಸ್ತ್ರಿ ಪೆಟ್ಟಿಗೆಯನ್ನು ಬಟ್ಟೆಯ ಮೇಲೆ ಇಡುವ ಹಾಗೆ, ತೆರೆದ ಪುಸ್ತಕದ ಮೇಲೆ ಅಂಗೈ ಒತ್ತಿದಳು.

“ಕೈ ತೆಗಿಯೇ,” ಎಂದ ಗುಮಾಸ್ತ.

ಅವಳು ಇನ್ನೂ ಬಿಗಿಯಾಗಿ ಒತ್ತಿದಳು. ಪೆನ್ನಿನ ಮೊನೆ ಅವಳ ಉಗುರಿನವರೆಗೆ ಬಂದು ನಿಂತಿತು. ಅಧ್ಯಕ್ಷರ ಕಿವಿಗಾನಿಸಿದ ಫೋನಿನಲ್ಲಿ ಆ ಕಡೆ ಗಂಟೆ ಹೊಡೆಯುತ್ತಲೇ ಇತ್ತು, ಯಾರೂ ಎತ್ತುತ್ತಿರಲಿಲ್ಲ.