ಬಾಟಲಿಯಲ್ಲಿದ್ದದ್ದು ನೀರು

ಕಾರುಗಳಿಗೆ ಬಣ್ಣ ಹೊಡೆಯುವವನ ಹೆಂಡತಿಗೆ ಗಂಡನೇ ಆಗಿಬರದಂತಾಗಿ ವರ್ಷ ಕಳೆದಿತ್ತು. ಅವನು ಹೊಸ್ತಿಲು ದಾಟಿದರೆ ಸಾಕು, ಅವಳ ತಲೆ ಸಿಡಿಯುತ್ತಿತ್ತು, ಉಸಿರು ಗಂಟಲಲ್ಲೇ ಸಿಕ್ಕಿಕೊಳ್ಳುತ್ತಿತ್ತು. ಮೊದಮೊದಲು ಬರೀ ಬಣ್ಣಕ್ಕೆ ಬೆರೆಸುವ ಥಿನ್ನರಿನ ವಾಸನೆ ಅಂದಳು. ಆಮೇಲೆ ಸೋಪು, ಫಿನಾಯಿಲು, ಹೊಸ ಬಟ್ಟೆ ಎಲ್ಲವೂ ಅದರ ಜೊತೆ ಸೇರಿಕೊಂಡವು. ಅವನು ಗ್ಯಾರೇಜಿನಿಂದ ಬಂದು ಹಿತ್ತಲಲ್ಲೇ ಬಟ್ಟೆ ಬಿಚ್ಚಿ, ಚರ್ಮ ಕಿತ್ತುಬರುವಂತೆ ಉಜ್ಜಿಕೊಂಡು, ಅಷ್ಟಾದರೂ ಹೊರಗೇ ಮಲಗುತ್ತಿದ್ದ.

ಒಬ್ಬ ಡಾಕ್ಟರು, "ಇದು ವಿಷವೇ. ಒಂದ್ಸಲ ಮೈಗೆ ಹತ್ತಿದ್ರೆ ಆಮೇಲೆ ಸಾಸಿವೆಯಷ್ಟು ಸಾಕು" ಅಂದಿದ್ದರು. ದೊಡ್ಡಾಸ್ಪತ್ರೆಯ ಡಾಕ್ಟರಮ್ಮ ಒಪ್ಪಲಿಲ್ಲ. "ಅದಕ್ಕೆ ಸರಿಯಾದ ಪುರಾವೆ ಇಲ್ಲ. ಏನೂಂತ ಹೇಳದೆ ಮೂಸೋಕೆ ಕೊಟ್ರೆ ಇಂಥವರಿಗೆ ವ್ಯತ್ಯಾಸಾನೇ ಗೊತ್ತಾಗಲ್ಲ. ಭಯ ಇರ್ಬೇಕು. ಆದ್ರೆ ಅವರು ಪಡೋ ಸಂಕಟ ಸುಳ್ಳಲ್ಲ" ಅಂದರು. ಕೊನೆಯ ಮಾತನ್ನು ಅವನು ಕಿವಿಗೆ ಹಾಕಿಕೊಳ್ಳಲಿಲ್ಲ.

ಅವಳ ಅಣ್ಣನದು ಎದುರುಮನೆ. ಮಾಂಸದಂಗಡಿಯವನು, ತೋಳುಗಳು ಒನಕೆಯಂಥವು. ಅವನು ಮೊದಲ ಡಾಕ್ಟರ ಕಡೆ. "ನನ್ನ ತಂಗಿಗೆ ದಿನಾ ವಿಷ ಹಾಕ್ತಿದ್ದೀಯ. ಆ ಕೆಲಸ ಬಿಡು, ಇಲ್ದಿದ್ರೆ ಕೈ ಮುರಿದು ನಾನೇ ಬಿಡಿಸ್ತೀನಿ" ಎಂದು ಗ್ಯಾರೇಜಿಗೇ ನುಗ್ಗಿ, ಎಲ್ಲರೆದುರು ತಂಗಿಯ ಗಂಡನ ಕಾಲರ್ ಹಿಡಿದು ಅಲ್ಲಾಡಿಸಿದ.

ಆ ಅವಮಾನ ಒಳಗೇ ಕುದಿಯಿತು. ಮರುದಿನ ಮಧ್ಯಾಹ್ನ ಬಣ್ಣದವನು ಹೊಸ ಬಾಟಲಿಯೊಂದಕ್ಕೆ ನಲ್ಲಿಯ ನೀರು ತುಂಬಿ, ಮೇಲೆ ಥಿನ್ನರಿನ ಚೀಟಿ ಅಂಟಿಸಿಕೊಂಡು ಹೆಂಡತಿಯ ಕೋಣೆಗೆ ಹೋದ.

"ಥಿನ್ನರ್ ತಂದಿದ್ದೀನಿ. ನೋಡೇಬಿಡೋಣ" ಎಂದು ಮುಚ್ಚಳ ತಿರುವಿದ.

"ಬೇಡ ರೀ, ದಮ್ಮಯ್ಯ..." ಅವಳು ಕೈಮುಗಿಯುತ್ತ ಗೋಡೆಗೆ ಅಂಟಿಕೊಂಡಳು. ಅವನು ಬೆರಳು ಅದ್ದಿ ಅವಳ ಮೂಗಿನ ಕೆಳಗೆ ಬಳಿದ.

ಅವಳ ಎದೆ ಸೆಟೆದುಕೊಂಡಿತು. ಕಣ್ಣುಗುಡ್ಡೆ ಮೇಲಕ್ಕೆ ಹೊರಳಿ, ಬಿದ್ದಳು. ಮಂಚದ ಅಂಚು ಬಡಿದು ಹಣೆ ಒಡೆಯಿತು. ತುಟಿ ನೀಲಿಗಟ್ಟಿತು. "ನೀರು ಕಣೇ! ಬರೀ ನೀರು, ಇಲ್ನೋಡು!" ಎಂದು ಅರಚುತ್ತ ಅವನು ಬಾಟಲಿ ಎತ್ತಿ ಗಟಗಟ ಕುಡಿದ. ಅವಳಿಗೆ ಉಸಿರು ಮರಳಲಿಲ್ಲ. ಅವಳ ಉಗುರುಗಳು ಅವನ ಮುಂಗೈಯನ್ನು ಸೀಳಿದವು.

ಅರಚಾಟಕ್ಕೆ ಅಣ್ಣ ಓಡಿಬಂದ. ತಂಗಿಯ ರಕ್ತ ಕಂಡ, ಬಾಟಲಿಯ ಚೀಟಿ ಕಂಡ. ಮೊದಲ ಗುದ್ದಿಗೇ ಬಣ್ಣದವನ ಎರಡು ಹಲ್ಲು ಉದುರಿದವು. ಬಲಗೈ ತಿರುಚಿ ಬಾಗಿಲ ಚೌಕಟ್ಟಿಗೆ ಬಡಿದಾಗ ಮಣಿಕಟ್ಟು ಲಟಕ್ಕೆಂದಿತು. ಬಿದ್ದವನ ಪಕ್ಕೆಗೆ ಒದೆಯ ಮೇಲೆ ಒದೆ.

"ನೀರು ಭಾವ... ನೀರು..." ರಕ್ತ ಉಗುಳುತ್ತ ಅವನು ತೊದಲಿದ.

ಅಣ್ಣ ಬಾಟಲಿ ಮೂಸಿದ. ಅಂಗೈಗೆ ಸುರಿದು ನೆಕ್ಕಿದ. ಮುಖ ಕಪ್ಪಿಟ್ಟಿತು. ತಂಗಿಯ ಕಡೆ ತಿರುಗಿ, ಜುಟ್ಟು ಹಿಡಿದೆತ್ತಿ, ಕೆನ್ನೆಗೆ ಬಾರಿಸಿದ. "ನೀರಿಗೆ ಇಷ್ಟು ನಾಟಕಾನಾ? ಊರೆಲ್ಲ ನನ್ನ ಮಂಗ ಮಾಡಿದೆಯಲ್ಲೇ!"

ಅವಳಿನ್ನೂ ಉಸಿರಿಗಾಗಿ ಬಾಯಿ ತೆರೆಯುತ್ತಲೇ ಇದ್ದಳು. ಅಣ್ಣ ಮತ್ತೆ ಕೈಯೆತ್ತಿದ. ಬಣ್ಣದವನು ಎಡಗೈಯಲ್ಲಿ ಸ್ಟೂಲೆತ್ತಿ ಅವನ ತಲೆಗೆ ಬೀಸಿದ. "ಉಸಿರು ಬರ್ತಿಲ್ಲ ಅವಳಿಗೆ! ಕಾಣಲ್ವೇನೋ ನಿನಗೆ?" ಅಣ್ಣ ಮಂಡಿಯೂರಿದ ಮೇಲೂ ಬಣ್ಣದವನು ಹೊಡೆದ. ಕಿವಿ ಹರಿದು ಜೋತಾಡಿತು. ನೆರೆಯವರು ಬಂದು ಎಳೆದುಹಾಕದಿದ್ದರೆ ಒಂದು ಹೆಣ ಬೀಳುತ್ತಿತ್ತು.

ಮೂವರೂ ಒಂದೇ ಆಸ್ಪತ್ರೆ ಸೇರಿದರು. ಅಣ್ಣನ ಒಂದು ಕಿವಿ ಕಿವುಡಾಯಿತು. ಬಣ್ಣದವನ ಮಣಿಕಟ್ಟು ಸೊಟ್ಟಗೆ ಕೂಡಿಕೊಂಡು, ಸ್ಪ್ರೇ ಗನ್ ಹಿಡಿಯಲಾಗದೆ ಗ್ಯಾರೇಜು ತಪ್ಪಿತು. ಎದ್ದು ಓಡಾಡುವಂತಾದ ದಿನ ಅವನು ಹೆಂಡತಿಯ ಹಾಸಿಗೆಯ ಬಳಿ ಹೋಗಿ ನಿಂತ.

"ಅದರಲ್ಲಿದ್ದದ್ದು ನೀರು."

"ಗೊತ್ತು. ಅಣ್ಣ ಕೂಗಾಡಿದ್ದು ಕೇಳಿಸ್ತು."

"ಮತ್ತೆ..."

"ಮತ್ತೆ ಏನು? ನನಗೇನು ಕಾಯಿಲೇಂತ ನನಗೂ ಗೊತ್ತಿಲ್ಲ. ಆದ್ರೆ ಥಿನ್ನರ್ ಅಂತ ಹೆದರಿ ನಾನು ಕೈಮುಗೀತಿದ್ದಾಗ ನೀನು ಬೆರಳು ಅದ್ದಿ ಬಳಿದೆಯಲ್ಲ, ಅದು ನೀರಾ?"

ಇಷ್ಟು ವರ್ಷದ ಸಂಸಾರದಲ್ಲಿ ಅವಳು ಅವನನ್ನು ಏಕವಚನದಲ್ಲಿ ಮಾತಾಡಿಸಿದ್ದು ಅದೇ ಮೊದಲು.

ಅವಳು ಅವನ ಮನೆಗೂ ಹೋಗಲಿಲ್ಲ, ಅಣ್ಣನ ಮನೆಗೂ ಹೋಗಲಿಲ್ಲ. ಚಿಕ್ಕಮ್ಮನ ಮನೆ ಸೇರಿದಳು. ಅಲ್ಲೂ ಒಮ್ಮೊಮ್ಮೆ ಉಸಿರು ಕಟ್ಟುತ್ತದೆ. ಯಾವುದರಿಂದ ಎಂದು ಚಿಕ್ಕಮ್ಮ ಕೇಳುವುದಿಲ್ಲ. ಕಿಟಕಿ ತೆಗೆದು, ಪಕ್ಕದಲ್ಲಿ ಕೂತು ಬೆನ್ನು ನೀವುತ್ತಾಳೆ.