ಟ್ಯಾಂಕ್ ಕವರಿನ ತೂತು

ಹೆದ್ದಾರಿ ಹತ್ತಿದ ಮೇಲೆ ಟೈಲರ್ ಬೇಕೆಂದೇ ಆಕ್ಸಿಲರೇಟರ್ ತಿರುವಿದ. ಅರವತ್ತು, ಎಪ್ಪತ್ತು, ಎಂಬತ್ತು. ಇವತ್ತಾದರೂ ಈ ಹಳೇ ಬೈಕು ಹಿಂದಿನಂತೆ ಎಳೆತ ಕಳೆದುಕೊಂಡು ನಿಂತುಹೋಗಲಿ, ಸಾವಿನ ಮನೆಗೆ ಹೊತ್ತಿಗೆ ತಲುಪದಿರಲು ಒಂದು ನೆಪ ಸಿಗಲಿ ಎಂದು ಅವನ ಆಸೆ. ಬೈಕು ನಿಲ್ಲಲಿಲ್ಲ. ಹನ್ನೆರಡು ವರ್ಷದಿಂದ ಅದು ನಿಂತೇ ಇಲ್ಲ. ಯಾಕೆ ನಿಂತಿಲ್ಲ ಎಂಬುದು ಅವನೊಬ್ಬನಿಗೇ ಗೊತ್ತು.

ಪೆಟ್ರೋಲ್ ಬಂಕಿನ ಪಕ್ಕದ ತಗಡಿನ ಶೆಡ್ಡಿನಲ್ಲಿ ಮೆಕ್ಯಾನಿಕ್‌ನನ್ನು ಮಲಗಿಸಿದ್ದರು. ಸ್ಪ್ಯಾನರುಗಳನ್ನು ಗೋಡೆಗೆ ನೇತುಹಾಕಿ, ಕೆಲಸದ ಮೇಜನ್ನು ಸೋಪು ಹಾಕಿ ತೊಳೆದು, ಮೇಲೊಂದು ಬಿಳಿ ಬಟ್ಟೆ ಹಾಸಿದ್ದರು. ಅವನು ಬದುಕಿದ್ದಾಗಲೂ ಆ ಮೇಜು ಹೆಚ್ಚುಕಡಿಮೆ ಅಷ್ಟೇ ಚೊಕ್ಕಟವಾಗಿರುತ್ತಿತ್ತು. ಟೈಲರ್ ಮುಖ ನೋಡುವ ಧೈರ್ಯ ಸಾಲದೆ ಕಾಲ ಬಳಿ ನಿಂತು ಕೈಮುಗಿದು, ಹೊರಗಿನ ಬೆಂಚಿನ ತುದಿಗೆ ಬಂದು ಕುಳಿತ.

"ನಮ್ಮ 'ಬದಲಿ' ಹೋಗ್ಬಿಟ್ಟನಲ್ಲಪ್ಪ," ಎಂದ ಬಂಕಿನವನು.

"ಆ ಹೆಸರು ಇವತ್ತೂ ಬೇಕೇನಯ್ಯಾ?" ಎಂದ ಪಕ್ಕದಲ್ಲಿದ್ದ ಲಾರಿ ಡ್ರೈವರ್.

"ಬಾಯಿಗೆ ಅಂಟಿಹೋಗಿದೆ, ಏನ್ಮಾಡ್ಲಿ? ಒಳ್ಳೇ ಪಾರ್ಟು ಕದ್ದು ಹಳೇದು ಹಾಕ್ತಾನೆ ಅಂತ ಯಾರೋ ಪುಣ್ಯಾತ್ಮ ಕೂಗಾಡಿದ್ನಂತಲ್ಲ, ಆಗಿಂದ ಬಂದಿದ್ದು. ಪಾಪ, ಹಾಗೆ ಕರೆದ್ರೂ ಓ ಅಂತಿದ್ದ."

ಪುಣ್ಯಾತ್ಮ ಬೆಂಚಿನ ತುದಿಯಲ್ಲಿ ತನ್ನ ಚಪ್ಪಲಿ ನೋಡುತ್ತ ಕುಳಿತಿದ್ದ.

"ನಾನು ಯಾವಾಗ ಬಂದ್ರೂ ಒಂದೇ ಪ್ರಶ್ನೆ," ಎಂದ ಡ್ರೈವರ್. "ಒಂದು ಹಳೇ ಬೈಕು. ಎಂಬತ್ತರಲ್ಲಿ ಎಳೆತ ಹೋಗುತ್ತೆ, ನಿಲ್ಲುತ್ತೆ, ಹತ್ತು ನಿಮಿಷ ಬಿಟ್ರೆ ಮತ್ತೆ ಓಡುತ್ತೆ. ಏನಿರ್ಬಹುದು ಹೇಳು ಅಂತ. ಹೋದ ವಾರ ಆಸ್ಪತ್ರೆ ಮಂಚದ ಮೇಲೂ ಅದನ್ನೇ ಕೇಳ್ದ. ನಾನು ನಕ್ಕುಬಿಟ್ಟೆ. ನಗಬಾರದಿತ್ತು."

*

ಹನ್ನೆರಡು ವರ್ಷದ ಹಿಂದೆ ಊರಿನಲ್ಲಿ ಟೈಲರ್, ಮೆಕ್ಯಾನಿಕ್ ಇಬ್ಬರ ಅಂಗಡಿಗಳೂ ಎದುರುಬದುರು. ಟೈಲರ್ ತನ್ನ ಬೈಕಿಗೆ ದಪ್ಪ ರೆಕ್ಸಿನ್ನಿನ ಟ್ಯಾಂಕ್ ಕವರನ್ನು ಕೈಯಾರೆ ಹೊಲಿದಿದ್ದ. ಒಳಗೆ ಸ್ಪಂಜು, ನಾಲ್ಕು ಟಿಚ್ ಬಟನ್ನು, ಪೆಟ್ರೋಲ್ ಮುಚ್ಚಳವೂ ಕಾಣದಂತೆ ಮೈಗಂಟಿದ ಅಳತೆ. ಮಳೆ ನೀರಿರಲಿ, ಗಾಳಿಯೂ ನುಗ್ಗುವುದಿಲ್ಲ ಎಂದು ಬೀದಿಗೆಲ್ಲ ಜಂಬ ಕೊಚ್ಚಿದ್ದ. ಅದಾದ ತಿಂಗಳಿಗೆ ಬೈಕು ಹೆದ್ದಾರಿಯಲ್ಲಿ ಕೈಕೊಡಲು ಶುರುವಾಯಿತು.

ಮೆಕ್ಯಾನಿಕ್‌ಗೆ ಒಂದು ಕ್ರಮವಿತ್ತು. ಯಾವ ಬೈಕು ಬಂದರೂ ಮೊದಲು ಕೈ ತೊಳೆದು, ಕವರ್ ಬಿಚ್ಚಿ, ಮಡಿಸಿ ಮೇಲಿನ ಹಲಗೆಯ ಮೇಲಿಡುವನು. ರಿಪೇರಿ ಮುಗಿಸಿ, ಓಡಿಸಿ ನೋಡಿಕೊಂಡು ಬಂದ ಮೇಲೆ ಮತ್ತೆ ಕೈ ತೊಳೆದು ತೊಡಿಸುವನು. ಇನ್ನೊಬ್ಬರ ಹೊಲಿಗೆಗೆ ಗ್ರೀಸ್ ತಾಗಿಸಬಾರದು ಎನ್ನುತ್ತಿದ್ದ. ಹಾಗಾಗಿ ಅವನ ಕೈಯಲ್ಲಿ ಬೈಕು ತೊಂಬತ್ತರಲ್ಲೂ ಸಲೀಸಾಗಿ ಓಡಿತು, ಟೈಲರ್ ಕೈಗೆ ಬಂದರೆ ನಿಂತಿತು. ಕಾರ್ಬುರೇಟರ್ ಬಿಚ್ಚಿದ, ಪ್ಲಗ್ ಬದಲಾಯಿಸಿದ, ಮುಚ್ಚಳದಲ್ಲಿ ಗಾಳಿಯಾಡುವ ಸಣ್ಣ ತೂತನ್ನೂ ಊದಿ ನೋಡಿದ. ಎಲ್ಲವೂ ಸರಿಯಾಗಿತ್ತು.

ನಾಲ್ಕನೇ ಸಲ ಬೈಕು ನಿಂತಾಗ ಟೈಲರ್ ನಡುಬೀದಿಯಲ್ಲಿ ಕೂಗಿದ. "ನನ್ನ ಒಳ್ಳೇ ಕಾರ್ಬುರೇಟರ್ ಎತ್ತಿಟ್ಕೊಂಡು ಯಾವ್ದೋ ಗುಜರಿ ಹಾಕಿದೀಯ. ಬದಲಿ ಮಾಡೋ ಕಳ್ಳ ನೀನು."

ಮೆಕ್ಯಾನಿಕ್ ಕೈ ಒರೆಸಿಕೊಳ್ಳುತ್ತ, "ನಂಗೆ ಸಿಕ್ತಿಲ್ಲ ಅಣ್ಣ, ಅಷ್ಟೇ," ಎಂದ. ಕೇಳಿದವರು ಹತ್ತು ಜನ; ಸಂಜೆಗೆ ಊರಿಗೇ ಗೊತ್ತಾಯಿತು. ಗಿರಾಕಿಗಳು ಒಬ್ಬೊಬ್ಬರಾಗಿ ಜಾರಿಕೊಂಡರು.

ಎರಡು ತಿಂಗಳ ನಂತರ ಬೈಕು ಮತ್ತೆ ನಿಂತಾಗ, ಪೆಟ್ರೋಲ್ ಇದೆಯೋ ಇಲ್ಲವೋ ನೋಡೋಣವೆಂದು ಟೈಲರ್ ಕವರ್ ಸರಿಸಿ ಮುಚ್ಚಳ ತಿರುಗಿಸಿದ. ಟ್ಯಾಂಕು ಉಸ್ ಎಂದು ಗಾಳಿ ಎಳೆದುಕೊಂಡಿತು. ಒಂದೇ ಕಿಕ್ಕಿಗೆ ಬೈಕು ಶುರುವಾಯಿತು. ಮುಚ್ಚಳದ ತೂತನ್ನು ಕವರ್ ಮುಚ್ಚಿಹಾಕಿತ್ತು. ಒಳಗೆ ಗಾಳಿ ಬಾರದೆ ಪೆಟ್ರೋಲ್ ಕೆಳಗಿಳಿಯುತ್ತಿರಲಿಲ್ಲ. ನಿಧಾನಕ್ಕೆ ಹೋದರೆ ಬಂದಷ್ಟು ಸಾಕು, ಜೋರು ಹೋದರೆ ಸಾಲದು. ಟೈಲರ್‌ಗೆ ನಿಂತಲ್ಲೇ ಮುಖ ಬಿಸಿಯಾಯಿತು. ನಾಳೆ ಹೋಗಿ ಹೇಳಿಬಿಡಬೇಕು ಎಂದುಕೊಂಡ. ಮರುದಿನ ಎದುರಂಗಡಿಯಲ್ಲಿ ಜನರಿದ್ದರು. ಅದರ ಮರುದಿನ ಜನರಿರಲಿಲ್ಲ, ಇವನಿಗೆ ಮುಖವಿರಲಿಲ್ಲ. ಹಾಗೇ ನಾಳೆ ನಾಳೆ ಎನ್ನುತ್ತಿರುವಾಗ ಮೆಕ್ಯಾನಿಕ್ ಅಂಗಡಿ ಖಾಲಿ ಮಾಡಿ ಹೆದ್ದಾರಿಗೆ ಹೊರಟುಹೋದ.

*

ಮೆಕ್ಯಾನಿಕ್‌ನ ಜೊತೆ ಶೆಡ್ಡಿನಲ್ಲಿ ದುಡಿಯುತ್ತಿದ್ದ ಅವನ ಮಗಳು ಹೊರಗೆ ಬಂದವಳು ಬೈಕು ಕಂಡು ನಿಂತಳು.

"ಟೈಲರ್ ಮಾವ ಅಲ್ವಾ? ಇದು ಅದೇ ಗಾಡಿನಾ?"

ಬೆಂಚಿನಲ್ಲಿದ್ದವರು ತಿರುಗಿ ನೋಡಿದರು. ಟೈಲರ್ ತಲೆಯಾಡಿಸಿದ.

"ಯಾರ ಹತ್ರ ಸರಿ ಮಾಡಿಸಿದ್ರಿ? ಏನಾಗಿತ್ತಂತೆ? ಅಪ್ಪ ಕೊನೇವರೆಗೂ ಇದನ್ನೇ ಯೋಚಿಸ್ತಿದ್ರು."

"ತಾನಾಗೇ ಸರಿಹೋಯ್ತಮ್ಮ," ಎಂದುಬಿಟ್ಟ ಟೈಲರ್. ಹೆಣದ ಮುಂದೆಯೂ ತನ್ನ ನಾಲಿಗೆ ಹೀಗೆ ತಿರುಗಿತಲ್ಲ ಎಂದು ಅವನಿಗೆ ತನ್ನ ಮೇಲೇ ಹೇಸಿಗೆಯಾಯಿತು.

"ತಾನಾಗೇ ಯಾವ್ದೂ ಸರಿಹೋಗಲ್ಲ ಮಾವ." ಅವಳು ನಲ್ಲಿಯ ಹತ್ತಿರ ಹೋಗಿ ಕೈ ತೊಳೆದು ಬಂದು ಕವರಿನ ಬಟನ್ನಿಗೆ ಕೈ ಹಾಕಿದಳು. ಒಂದು ಬಿಚ್ಚಿತು. ಎರಡು.

"ಬಿಚ್ಚಬೇಡಮ್ಮ," ಎಂದು ಟೈಲರ್ ಎದ್ದ. "ಬಿಚ್ಚಿದ್ರೆ ಸಿಗಲ್ಲ. ನಿಮ್ಮಪ್ಪನೂ ಬಿಚ್ಚಿಟ್ಟೇ ನೋಡ್ತಿದ್ದ. ತಪ್ಪು ಗಾಡೀಲಿರ್ಲಿಲ್ಲ. ಈ ಕವರು ಮುಚ್ಚಳದ ತೂತು ಮುಚ್ಚಿತ್ತು. ನಾನೇ ಹೊಲಿದಿದ್ದು." ಅವನು ಬೆಂಚಿನವರ ಕಡೆ ತಿರುಗಿದ. "ಅವನನ್ನ ಕಳ್ಳ ಅಂತ ಕೂಗಿದವನೂ ನಾನೇ."

"ನಿಮಗ್ಯಾವಾಗ ಗೊತ್ತಾಯ್ತು?" ಎಂದು ಕೇಳಿದ ಬಂಕಿನವನು.

"ಅವನು ಅಂಗಡಿ ಖಾಲಿ ಮಾಡೋಕ್ಕೆ ಮುಂಚೇನೇ."

ಹೆದ್ದಾರಿಯಲ್ಲಿ ಲಾರಿಯೊಂದು ಹೋಗಿ ಶೆಡ್ಡಿನ ತಗಡು ನಡುಗಿತು.

ಮಗಳು ಬಗ್ಗಿ ನೋಡಿದಳು. ಮುಚ್ಚಳದ ಮೇಲೆ, ಕವರಿನಲ್ಲಿ ನಾಣ್ಯದಗಲದ ಒಂದು ತೂತು. ಅದರ ಸುತ್ತ ಬೆರಳಾಡಿಸಿದಳು. ರೆಕ್ಸಿನ್ನಿನದೇ ಬಣ್ಣದ ದಾರ, ಸಾಸಿವೆಯಷ್ಟು ಸಣ್ಣ ಕೈಹೊಲಿಗೆ, ಎಲ್ಲೂ ಒಂದು ಎಳೆ ಎದ್ದಿರಲಿಲ್ಲ.

"ಅಂಚು ಎಷ್ಟು ನೀಟಾಗಿ ಹೊಲಿದಿದ್ದೀರಿ ಮಾವ," ಎಂದಳು. "ಇದಕ್ಕೆ ಒಂದು ದಿನವಾದ್ರೂ ಹಿಡಿದಿರ್ಬೇಕು."

ಅವಳು ಬಿಚ್ಚಿದ್ದ ಎರಡು ಬಟನ್ನುಗಳನ್ನು ಒಂದೊಂದಾಗಿ ಮತ್ತೆ ಒತ್ತಿದಳು. ಒದ್ದೆ ಕೈಯಿಂದ ಕವರಿನ ಮೇಲೆ ಒಂದು ಹನಿ ನೀರು ಬಿದ್ದಿತ್ತು. ಅದನ್ನು ತನ್ನ ತೋಳಿನ ಬಟ್ಟೆಯಿಂದ ಒರೆಸಿ, ಒಳಗೆ ಹೋದಳು.